ಗುಳ್ಳದ ಬಣ್ಣ

ನಾನು ಒಂದು ಗೋಡೆ. ಹುಬ್ಬಳ್ಳಿಯ ಓಣಿಯೊಂದರಲ್ಲಿ ಇಟ್ಟಿಗೆ, ಮರಳು, ಸಿಮೆಂಟು ಸೇರಿಸಿ ನನ್ನನ್ನು ಎಬ್ಬಿಸಿದರು. ಮೊದಲ ಮಾಲೀಕರು ನನಗೆ ಸುಣ್ಣ ಬಳಿದು, ಮನೆ ಮಾರಿ ಹೋದರು. ಆಮೇಲೆ ಬಂದವರು ದರ್ಜಿ ಗುರುಸಿದ್ಧಪ್ಪ ಮತ್ತು ಅವರ ಹೆಂಡತಿ ಸುಗುಣಾ. ಆಕೆ ಉಡುಪಿ ಕಡೆಯವರು. ಮನೆಯವರ ಮಾತು ಮೀರಿ ಮದುವೆಯಾದ ದಿನವೇ ತವರಿನ ಬಾಗಿಲು ಮುಚ್ಚಿತ್ತು.

ಕಾಯಿಲೆ ಬಿದ್ದಾಗ ಆಕೆಯ ಮಂಚ ನನ್ನೆದುರಿಗೇ ಬಂತು. ಬಿಳಿ ಗೋಡೆ ನೋಡಿದರೆ ಆಸ್ಪತ್ರೆ ನೆನಪಾಗುತ್ತದೆ, ಗುಳ್ಳದ ಬಣ್ಣ ಹಚ್ಚಿಸಿ ಎಂದರು. ಗುಳ್ಳ ಎಂದರೇನು? ಗಂಡ ಓಣಿಯಲ್ಲೆಲ್ಲ ವಿಚಾರಿಸಿ, ಅದು ಬದನೆಕಾಯಿ ಎಂದು ತಿಳಿದುಕೊಂಡರು. ಬದನೆಕಾಯಿ ಎಂದರೆ ಅವರ ಕಣ್ಣಿಗೆ ನೇರಳೆಯೇ. ಉಬ್ಬಿಹೋಗಿ ಡಬ್ಬಿ ತಂದು ನನ್ನ ಎದೆಗೆ ಮೊರದಗಲ ಬಳಿದರು, ಪುಣ್ಯಾತ್ಮ.

ಸುಗುಣಾ ನಕ್ಕು ನಕ್ಕು ಕೆಮ್ಮಿದರು. "ನಮ್ಮೂರ ಗುಳ್ಳ ಹಸಿರು ಮಾರಾಯ್ರೆ."

ಗಂಡನ ಮುಖ ಸಪ್ಪಗಾಯಿತು. ಮರುದಿನ ಎಳೆ ಹಸಿರು ತಂದು ಪಕ್ಕದಲ್ಲೇ ಬಳಿದರು. ಯಾವುದಿರಲಿ ಎಂದು ಕೇಳಿದಾಗ, ಬೆಳಗಿನ ಬೆಳಕಿನಲ್ಲಿ ನೋಡಿ ಹೇಳುತ್ತೇನೆ ಎಂದರು ಆಕೆ.

ಬೆಳಿಗ್ಗೆ ಗಂಡ ಹಾಲಿಗೆ ಹೋಗಿದ್ದಾಗ ಆಕೆ ನನ್ನನ್ನು ಹಿಡಿದುಕೊಂಡು ಎದ್ದು ನಿಂತರು. ಹಸಿರನ್ನು ನೋಡಿ ಕಣ್ಣು ತುಂಬಿತು. ಆದರೆ ಕೈ ಇಟ್ಟದ್ದು ನೇರಳೆಯ ಮೇಲೆ. ಅಲ್ಲಿಲ್ಲದ ಗಂಡನಿಗೆ ಮೆಲ್ಲನೆ ಹೇಳಿದರು: "ಅದು ನನ್ನನ್ನು ಬೇಡ ಅಂದ ಊರಿನದ್ದು. ಇದು ನೀವು ಆಸೆಯಿಂದ ತಂದದ್ದಲ್ವಾ. ಇದೇ ಇರ್ಲಿ."

ಅವರು ಮರಳುವಷ್ಟರಲ್ಲಿ ಆಕೆಗೆ ಎಚ್ಚರ ತಪ್ಪಿತ್ತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಗುರುಸಿದ್ಧಪ್ಪ ಪೇಂಟರನ್ನು ಕರೆಸಿದರು. "ಆಕಿ ಕೇಳಿದ್ದು ಹಸರು. ಪೂರ್ತಿ ಅದನ್ನ ಹಚ್ಚಪಾ. ಮೊದ್ಲ ನಾ ಮಾಡಿದ ತಪ್ಪು ಮುಚ್ಚು."

ನಮಗೆ ಕಿವಿ ಇದೆ ಎಂದು ನೀವೇ ಪಿಸುಗುಟ್ಟುತ್ತೀರಿ. ಬಾಯಿ ಕೊಡಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಬ್ರಷ್ಷು ನೇರಳೆಯ ಮೇಲೆ ಆಡುವಾಗ ನನಗಾದ ಸಂಕಟ ಅಷ್ಟಿಷ್ಟಲ್ಲ.

ಈಗ ಅವರಿಗೂ ನನಗೂ ವಯಸ್ಸಾಗಿದೆ. ಮಳೆಗಾಲದಲ್ಲಿ ನನಗೆ ತೇವ ಹಿಡಿದು ಹಸಿರು ಸುಲಿಯುತ್ತದೆ, ಅದೂ ಅದೇ ಜಾಗದಲ್ಲಿ. ಒಳಗಿನ ನೇರಳೆ ಇಣುಕುತ್ತದೆ. ವರ್ಷವಿಡೀ ನಾನು ಕಾಯುವುದು ಇದಕ್ಕೇ. ಅವರು ಕಂಡ ಕೂಡಲೇ, "ತಪ್ಪಾತು ಸುಗುಣಾ," ಎನ್ನುತ್ತಾ ಅದರ ಮೇಲೆ ಹಸಿರು ಬಳಿದುಬಿಡುತ್ತಾರೆ.