ನೀಲಿ ವಾರದ ಕೆಂಪು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಪುಡಿ ಕೋಣೆಯಲ್ಲಿ ಹದಿನೆಂಟು ವರ್ಷ ದುಡಿದವಳಿಗೆ ತನ್ನ ಕಫ ನೋಡಿ ಹೆದರುವ ಅಭ್ಯಾಸವೇ ತಪ್ಪಿಹೋಗಿತ್ತು. ಹಳದಿ ಕಲಸಿದ ವಾರ ಹಳದಿ, ಹಸಿರು ಕಲಸಿದ ವಾರ ಹಸಿರು.

"ಅತ್ತಿಗೆ, ನಿಮ್ಮನ್ನ ಹಿಂಡಿದ್ರೆ ಇನ್ನೊಂದು ಕಟ್ಟು ನೂಲಿಗೆ ಬಣ್ಣ ಆಗುತ್ತೆ," ಎಂದು ಜೊತೆಗೇ ಕೆಲಸ ಮಾಡುವ ನಾದಿನಿ ನಗುತ್ತಿದ್ದಳು. ಮುಖಕ್ಕೆ ಕಟ್ಟಿಕೊಳ್ಳಲು ಕೊಟ್ಟ ಮಾಸ್ಕುಗಳು ಮೊಳೆಯಲ್ಲಿ ನೇತಾಡುತ್ತಿದ್ದವು. ಆ ಸೆಕೆಯಲ್ಲಿ ಯಾರು ಕಟ್ಟಿಕೊಂಡಾರು?

ಎರಡು ತಿಂಗಳು ಬರೀ ಕೆಂಪು ನಡೆಯಿತು. ಅವಳು ಕೆಮ್ಮಿದಳು, ಉಗಿದಳು, ನೀರು ಹೊಯ್ದಳು. ಮನೆಗೆ ಹೋದರೆ ಎರಡು ವರ್ಷದ ಮೊಮ್ಮಗಳು ಕುತ್ತಿಗೆಗೆ ಜೋತುಬಿದ್ದೇ ನಿದ್ದೆ ಹೋಗುತ್ತಿದ್ದಳು.

ಸೋಮವಾರ ನೀಲಿ ಶುರುವಾಯಿತು. ಗುರುವಾರ ಕಾರ್ಖಾನೆಯ ಬಚ್ಚಲಲ್ಲಿ ಉಗಿದವಳು, ಎತ್ತಿದ ಚೊಂಬನ್ನು ಹಾಗೇ ಹಿಡಿದು ನಿಂತಳು. ಕೈ ನೀಲಿ, ಉಗುರು ನೀಲಿ. ಕೆಳಗೆ ಬಿದ್ದದ್ದು ಮಾತ್ರ ಕೆಂಪು.

ಹಿಂದೆಯೇ ಇದ್ದ ನಾದಿನಿ ಈ ಸಲ ನಗಲಿಲ್ಲ. "ನಡೀರಿ, ಆಸ್ಪತ್ರೆಗೆ."

"ಹಲ್ಲಿನ ಸಂದಿಯಿಂದ ಬಂದಿರಬೇಕು ಕಣೇ."

"ಹಲ್ಲು ಕೆಮ್ಮುತ್ತಾ ಅತ್ತಿಗೆ?"

ಡಾಕ್ಟರಮ್ಮ ಒಸಡು ನೋಡಿದರು, ಮೂಗು ನೋಡಿದರು, ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ವಾಂತಿಯಲ್ಲಿ ಬಂತೋ ಕೆಮ್ಮಿನಲ್ಲೋ? ಸಂಜೆ ಜ್ವರ ಬರುತ್ತಾ? ತೂಕ ಇಳಿದಿದೆಯಾ? ಕಡೆಗೆ, "ಎಷ್ಟು ದಿನದಿಂದ?"

"ನೀಲಿ ಬಂದ್ಮೇಲೆ ಗೊತ್ತಾಯ್ತಮ್ಮ. ಅದಕ್ಕೂ ಮೊದ್ಲು ಎಲ್ಲಾ ಕೆಂಪೇ ಇತ್ತಲ್ಲ."

ಬರೆಯುತ್ತಿದ್ದ ಪೆನ್ನು ನಿಂತಿತು.

"ಕ್ಷಯಾನಾ?" ಅವಳೇ ಕೇಳಿದಳು. ತಾಯಿ ಅದರಲ್ಲೇ ಹೋಗಿದ್ದಳು.

"ಇರಬಹುದು. ಬೇರೆ ಸೋಂಕಿರಬಹುದು, ಗಡ್ಡೆ ಇರಬಹುದು. ಎಕ್ಸ್‌ರೇ, ಕಫದ ಪರೀಕ್ಷೆ ಆಗದೆ ನಾನು ಏನೂ ಹೇಳಲ್ಲ. ರಕ್ತ ಜಾಸ್ತಿ ಬಂದ್ರೆ ತಕ್ಷಣ ಬನ್ನಿ. ಅಲ್ಲೀವರೆಗೂ ಪುಡಿ ಕೋಣೆ ಬೇಡ. ಮನೇಲಿ ಚಿಕ್ಕ ಮಕ್ಕಳಿದಾರಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇದ್ದಾಳೆ ಅಂದರೆ ಮುಂದಿನ ಮಾತು ಏನೆಂದು ಅವಳಿಗೆ ಗೊತ್ತು.

"ಇದ್ದಾಳೆ," ಎಂದಳು. "ನನ್ ಪಕ್ಕದಲ್ಲೇ ಮಲಗ್ತಾಳೆ."

ಮನೆ ಬಾಗಿಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮೂಗು-ಬಾಯಿಗೆ ಮಾಸ್ಕು, ಕೈಯಲ್ಲಿ ಬೆಳಗಿನ ಕಫಕ್ಕೆ ಕೊಟ್ಟ ಡಬ್ಬಿ. ಮೊಮ್ಮಗಳು ಎರಡೂ ತೋಳು ಚಾಚಿ ಓಡಿಬಂದಳು.

"ಬೇಡ ಪುಟ್ಟಾ. ನೋಡು, ಅಜ್ಜಿ ಕೈ ತುಂಬಾ ಬಣ್ಣ."

ಮಗು ತನ್ನ ಅಂಗೈಗಳನ್ನು ಮುಂದೆ ಹಿಡಿಯಿತು. "ನಂಗೂ ಹಚ್ಚು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮಗು ಒಂದು ಹೆಜ್ಜೆ ಮುಂದೆ ಬಂತು.