ತಗ್ಗಿನ ಡೇರೆಗಳು

ಪೊದೆಯ ನೆತ್ತಿಯಲ್ಲಿ ಸಿಕ್ಕಿಕೊಂಡಿದ್ದ ಒಣಹುಲ್ಲಿನ ಮುದ್ದೆಯನ್ನು ಅವಳು ಹಿಡಿದು ಎಳೆದಳು. ಅದು ಸುಲಭಕ್ಕೆ ಬರಲಿಲ್ಲ. ಹುಲ್ಲು, ಬೇರು, ಪ್ಲಾಸ್ಟಿಕ್ ಚೀಲದ ಚೂರು, ಯಾರದೋ ಚಪ್ಪಲಿಯ ಬಾರು, ಎಲ್ಲವೂ ಜಡೆ ಹೆಣೆದಂತೆ ಒಂದಕ್ಕೊಂದು ಸುತ್ತಿಕೊಂಡು ಕೊಂಬೆಯನ್ನು ಬಿಗಿದಿದ್ದವು. ಪೊದೆ ಅವಳ ಸೊಂಟದ ಎತ್ತರಕ್ಕಿತ್ತು.

"ಅಕ್ಕಾ, ಅದೇನು ಹಕ್ಕಿ ಗೂಡಾ?" ಡೇರೆಯ ಗೂಟ ಬಡಿಯುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು.

"ಗೂಡಲ್ಲ ಕಣೇ. ನೀರು ಇಲ್ಲೀವರೆಗೆ ಬಂದಿತ್ತು ಅನ್ನೋದಕ್ಕೆ ಗುರುತು."

"ಇಲ್ಲಿ ಬಾಯಿ ಮುಕ್ಕಳಿಸೋಕೆ ನೀರಿಲ್ಲ, ಅಕ್ಕನಿಗೆ ಹೊಳೆ ಕಾಣ್ತಿದೆ!" ಹುಡುಗಿಯರೆಲ್ಲ ನಕ್ಕರು.

ಅವಳಿಗೂ ನಗು ಬರುತ್ತಿತ್ತು, ಕಾಲಡಿಯ ಮರಳು ಅಷ್ಟು ನುಣುಪಾಗಿ ಇಲ್ಲದಿದ್ದರೆ. ಕಲ್ಲುಗಳು ಉರುಟಾಗಿದ್ದವು. ಅಂಚಿನ ಹುಲ್ಲೆಲ್ಲ ಒಂದೇ ದಿಕ್ಕಿಗೆ ಒರಗಿ ಒಣಗಿತ್ತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವವಳು. ರಜೆಯ ದಿನಗಳಲ್ಲಿ ಗಿರಣಿ ಹಿಂದಿನ ಕಾಲೋನಿಯ ಹೆಣ್ಣುಮಕ್ಕಳ ಸ್ಕೌಟ್ ದಳ ನಡೆಸುವವಳು. ದಳ ನಡೆಸುವ ದೊಡ್ಡವರಿಗೆಂದು ಸಂಸ್ಥೆ ಕೊಟ್ಟ ತರಬೇತಿಯಲ್ಲಿ ಮೊದಲನೇ ಪಾಠವೇ ಇದಾಗಿತ್ತು: ಡೇರೆ ಬಿಚ್ಚುವ ಮೊದಲು ನೆಲ ನೋಡಿ. ನಿಮ್ಮ ತಲೆಯ ಮೇಲಿನ ಆಕಾಶ ನೋಡಬೇಡಿ, ನೀರು ಇಳಿದು ಬರುವ ಕಡೆಯ ಆಕಾಶ ನೋಡಿ. ಅನುಮಾನ ಬಂತೋ, ಬೆಳಕಿರುವಾಗಲೇ ಮಕ್ಕಳನ್ನು ಎಬ್ಬಿಸಿ.

ಅವಳು ಗುಡ್ಡಗಳ ಕಡೆ ನೋಡಿದಳು. ಶಿಬಿರದ ಮೇಲೆ ಬಿಸಿಲಿತ್ತು. ಗುಡ್ಡದ ಹಿಂದೆ ಮಾತ್ರ ಆಕಾಶ ತವೆಯ ತಳದ ಹಾಗೆ ಕಪ್ಪಾಗುತ್ತಿತ್ತು.

ಯಾರಿಗೆ ಯಾವ ಜಾಗ ಎಂದು ಬೆಳಿಗ್ಗೆ ಸುಣ್ಣದ ಗೆರೆ ಎಳೆದವರು ಕಾಲೋನಿಗೆ ಕೇಡು ಬಯಸಿದವರೇನಲ್ಲ. ಮೊದಲು ಬಂದವರಿಗೆ ಮೊದಲ ಜಾಗ ಎಂದಿದ್ದರು. ದೊಡ್ಡ ಶಾಲೆಗಳ ಮಕ್ಕಳು ತಮ್ಮ ಶಾಲೆಯ ಬಸ್ಸಿನಲ್ಲಿ ಮೊದಲು ಬಂದರು, ದಿಬ್ಬದ ಮೇಲೆ ಡೇರೆ ಹಾಕಿಕೊಂಡರು. ಬಸ್ಸು ಬದಲಿಸುತ್ತ, ಗಂಟುಮೂಟೆ ಹೊತ್ತುಕೊಂಡು ಬಂದವರು ಕಡೆಗೆ ಬಂದರು. ತಗ್ಗು ಹೀಗೆ ಅವರ ಪಾಲಾಯಿತು. ಲೋಕದ ತಗ್ಗುಗಳೆಲ್ಲ ಕಾಲೋನಿಗಳ ಪಾಲಾಗುವುದು ಹೀಗೆಯೇ, ಯಾರ ಕೈಗೂ ಮಣ್ಣು ಹತ್ತದೆ.

ದಿಬ್ಬದ ನೆರಳಿನಲ್ಲಿ ಶಿಬಿರದ ಮುಖ್ಯಸ್ಥರು ಚಹಾ ಕುಡಿಯುತ್ತಿದ್ದರು. ಮಾತಾಡುವಾಗಲೂ ವಿಸಲ್ ತುಟಿಯಿಂದ ತೆಗೆಯುವುದಿಲ್ಲವೆಂದು ಮಕ್ಕಳು ಅವರಿಗೆ ಪೀಪಿ ಸಾರ್ ಎಂದು ಹೆಸರಿಟ್ಟಿದ್ದರು. ಸುತ್ತ ಬೇರೆ ದಳಗಳ ಹಿರಿಯರು. ಅವರ ನಡುವೆ ಡ್ರಿಲ್ ಮೇಷ್ಟ್ರು, ತರಬೇತಿಯಲ್ಲಿ ಅವಳ ಪಕ್ಕದಲ್ಲೇ ಕೂತು, ಅವಳು ಬಿಗಿದ ಗಂಟು ನೋಡಿಕೊಂಡು ತಮ್ಮ ಗಂಟು ಬಿಗಿದವರು.

"ಸಾರ್, ನಮಗೆ ಕೊಟ್ಟಿರೋದು ಹಳ್ಳದ ದಾರಿ."

"ಯಾವ ಹಳ್ಳನಮ್ಮಾ? ವರ್ಷಾ ವರ್ಷಾ ಇಲ್ಲೇ ಶಿಬಿರ ಮಾಡ್ತೀವಿ. ಒಂದು ಲೋಟ ನೀರು ಹರಿದಿದ್ದು ನಾನು ನೋಡಿಲ್ಲ."

"ಪೊದೆ ಮೇಲೆ ಕಸ ಕೂತಿದೆ ಸಾರ್, ನನ್ನ ಸೊಂಟದ ಮಟ್ಟಕ್ಕೆ."

"ಗಾಳಿಗೆ ಹಾರಿ ಬಂದಿರುತ್ತೆ."

"ಚಪ್ಪಲಿ ಬಾರೂ ಹಾರುತ್ತಾ ಸಾರ್?"

ಯಾರೋ ಕಿಸಕ್ಕೆಂದರು. ಆ ನಗು ಅವಳ ಕೆಲಸ ಕೆಡಿಸಿತು. ಪೀಪಿ ಸಾರ್ ಲೋಟ ಕೆಳಗಿಟ್ಟರು. ಅಲ್ಲಿದ್ದ ಉಳಿದವರಿಗೆಲ್ಲ ನೀವು ಎನ್ನುತ್ತಿದ್ದವರು ಅವಳ ಕಡೆ ತಿರುಗಿದರು.

"ಏನೀಗ? ನೀನು ಎಲ್ಲಿಗೆ ಹೋಗಬೇಕು ಅಂತೀಯ?"

"ದಿಬ್ಬದ ಅಂಚಲ್ಲಿ ಡೇರೆ ಹಾಕ್ಕೋತೀವಿ."

"ಅಲ್ಲಿ ಅತಿಥಿಗಳ ಗಾಡಿ ನಿಲ್ಲಬೇಕು."

"ಶಾಮಿಯಾನದ ಕೆಳಗಾದ್ರೂ ಮಲಗಿಸ್ತೀನಿ. ಅತಿಥಿಗಳು ಬರೋದು ನಾಡಿದ್ದು ತಾನೆ?"

"ಮಲಗಿಸಿಕೋ. ಬೇಡ ಅನ್ನೋಕೆ ನಾನೇನು ರಾಕ್ಷಸನಾ? ಆದ್ರೆ ಬ್ಯಾಡ್ಜಿನ ಪರೀಕ್ಷೆ ನಿಯಮ ನಿನಗೂ ಗೊತ್ತು. ಕೊಟ್ಟ ಜಾಗದಲ್ಲಿ ತಾವೇ ಡೇರೆ ಹಾಕಿ, ಶಿಬಿರ ಮುಗಿಯೋವರೆಗೆ ಅದರಲ್ಲೇ ಇರಬೇಕು. ಬಿಟ್ಟು ಎದ್ದವರು ನಪಾಸು. ನಿನಗೊಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಸೊಳ್ಳೆ ಕಚ್ತು, ಇರುವೆ ಕಚ್ತು ಅಂತ ಎದ್ದು ಬರ್ತಾರೆ."

ಅವಳು ಡ್ರಿಲ್ ಮೇಷ್ಟ್ರ ಕಡೆ ನೋಡಿದಳು. "ಮೇಷ್ಟ್ರೇ, ತರಬೇತೀಲಿ ನೀವೂ ಇದ್ರಲ್ಲ. ನೀವೇ ಹೇಳಿ."

ಮೇಷ್ಟ್ರು ಬಗ್ಗಿ ಬೂಟಿನ ಲೇಸು ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು. "ಸಾಮಾನ್ಯವಾಗಿ ಹಾಗೆ ಹೇಳ್ತಾರೆ, ನಿಜ. ಆದ್ರೆ ಸಾರ್ ಅನುಭವಸ್ಥರು. ಈ ಜಾಗ ಅವರಿಗೆ ಗೊತ್ತು."

ಅವಳು ಕೆಳಗಿಳಿದು ಬರುವಷ್ಟರಲ್ಲಿ ಡೇರೆಗಳು ಎದ್ದು ನಿಂತಿದ್ದವು. ಹಗ್ಗಗಳು ವೀಣೆಯ ತಂತಿಯ ಹಾಗೆ ಬಿಗಿಯಾಗಿದ್ದವು, ಮಡಿಕೆಗಳು ಇಸ್ತ್ರಿ ಹಾಕಿದ ಹಾಗೆ. ಮೇಲಿನ ದಳಗಳಲ್ಲಿ ಅಂಥ ಒಂದು ಡೇರೆಯನ್ನು ಅವಳು ಕಂಡಿರಲಿಲ್ಲ. ಅದೆಲ್ಲ ಕಡ್ಡಿಯ ಕೆಲಸ. ಕಡ್ಡಿ ಎಂದರೆ ಅವಳ ತಂಗಿಯ ಮಗಳು, ದಳದ ನಾಯಕಿ. ಊದಿದರೆ ಹಾರುವಂತಿದ್ದರೂ ಮಾತಿನಲ್ಲಿ ಮುಳ್ಳಿನ ಕಡ್ಡಿಯೇ.

ಈ ಶಿಬಿರದ ಕೊನೆಗೆ ಸಿಗುವ ಬ್ಯಾಡ್ಜು ಬೇರೆಯವರಿಗೆ ಅಂಗಿಯ ತೋಳಿನ ಚಂದ. ಕಡ್ಡಿಗೆ ಅದೇ ಮುಂದಿನ ದಾರಿ. ಬ್ಯಾಡ್ಜು ಪಡೆದವರಿಗೆ ಸರ್ಕಾರಿ ತಾಂತ್ರಿಕ ಶಾಲೆಯಲ್ಲಿ ಒಂದಿಷ್ಟು ಸೀಟು ಬೇರೆಯೇ ಇಟ್ಟಿದ್ದರು. ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಯಬೇಕೆಂಬುದು ಅವಳ ಆಸೆ. ಕಾಲೋನಿಯ ಫ್ಯಾನುಗಳನ್ನೆಲ್ಲ ಅವಳು ಆಗಲೇ ಒಂದು ಸಲ ಕೆಡಿಸಿ ಒಂದು ಸಲ ರಿಪೇರಿ ಮಾಡಿದ್ದಳು. ಮುಂದಿನ ವರ್ಷಕ್ಕೆ ಈ ಪರೀಕ್ಷೆಗೆ ಸೇರುವ ವಯಸ್ಸು ಮೀರುತ್ತಿತ್ತು.

"ಎಲ್ಲರೂ ಇಲ್ಲಿ ಬನ್ನಿ," ಎಂದು ಅವಳು ಕರೆದಳು. "ಡೇರೆ ಇರಲಿ. ಹಾಸಿಗೆ, ಚೀಲ ತಗೊಳ್ಳಿ. ಶಾಮಿಯಾನಕ್ಕೆ ಹೋಗೋಣ."

ಕಡ್ಡಿ ಅಲುಗಲಿಲ್ಲ. "ಡೇರೆ ಬಿಟ್ಟರೆ ನಪಾಸು ದೊಡ್ಡಮ್ಮ."

"ಗೊತ್ತು."

"ಮೋಡ ಎಲ್ಲಿದೆ ತೋರಿಸು."

"ಗುಡ್ಡದ ಹಿಂದೆ."

"ಗುಡ್ಡದ ಹಿಂದಿನ ಮೋಡಕ್ಕೆ ನಾನು ಇಲ್ಲಿ ನಪಾಸಾಗಬೇಕಾ?" ಅವಳ ಕೈಯಲ್ಲಿ ಗೂಟ ಬಡಿಯುವ ಕೊಡತಿ ಇನ್ನೂ ಇತ್ತು. "ಇವರನ್ನೆಲ್ಲ ಕರ್ಕೊಂಡು ಹೋಗು. ಇವರಿಗಿನ್ನೂ ವಯಸ್ಸಿದೆ. ನಾನೊಬ್ಬಳೇ ಇರ್ತೀನಿ."

"ಒಬ್ಬಳನ್ನ ಬಿಡೋ ಹಾಗಿಲ್ಲ."

"ಹಾಗಾದ್ರೆ ನೀನೂ ಇರು."

"ಅಲ್ಲಿ ಈ ಮಕ್ಕಳನ್ನ ಯಾರು ನೋಡ್ಕೋತಾರೆ?"

"ಪೀಪಿ ಸಾರ್ ನೋಡ್ಕೋತಾರೆ, ಮೇಷ್ಟ್ರು ನೋಡ್ಕೋತಾರೆ! ಮೇಲೆ ಅವರ ಹತ್ರ ಮಾತಲ್ಲಿ ಸೋತೆ ಅಲ್ವಾ, ಅದಕ್ಕೆ ನಮ್ಮ ಮೇಲೆ ತೀರಿಸ್ಕೋತಿದೀಯ. ನಿನಗೆ ಅವರ ಮುಂದೆ ಗೆಲ್ಲಬೇಕು."

ಅವಳು ಮತ್ತೆ ಗುಡ್ಡದ ಕಡೆ ತಿರುಗಿದಳು. ಕಡ್ಡಿಯ ಮಾತಿನಲ್ಲಿ ಒಂದು ಎಳೆ ನಿಜವಿದೆಯೇನೋ ಎಂದು ತನ್ನನ್ನೇ ಕೇಳಿಕೊಂಡಳು. ಇದ್ದರೂ ಇರಬಹುದು. ಸುಮ್ಮನೆ ಇಲ್ಲೇ ಇದ್ದುಬಿಟ್ಟರೆ? ಶಿಬಿರ ಮುಗಿದರೆ ಪರೀಕ್ಷೆ ಪಾಸು, ಬ್ಯಾಡ್ಜು, ಸೀಟು. ತಂಗಿಯ ಮನೆಯಲ್ಲಿ ಮೊದಲ ಸಲ ಸೂಜಿ ಹಿಡಿಯದ ಕೈ. ಎಷ್ಟು ಸುಲಭ! ಇಡೀ ಶಿಬಿರದಲ್ಲಿ ಈ ನೆಲದ ಮೇಲೆ ಯಾರಿಗೂ ಅನುಮಾನವಿಲ್ಲ. ಯಾಕೆಂದರೆ ಈ ನೆಲದ ಮೇಲೆ ಅವರ ಯಾರ ಮಕ್ಕಳೂ ಮಲಗುತ್ತಿಲ್ಲ.

ಗುಡ್ಡದ ಹಿಂದೆ ಗುಡುಗಿತು. ದೂರದಲ್ಲಿ ಯಾರೋ ಪೀಪಾಯಿ ಉರುಳಿಸಿದ ಹಾಗೆ, ಅಷ್ಟೇ.

"ಇಬ್ಬಿಬ್ಬರು ಕೈ ಹಿಡ್ಕೊಳ್ಳಿ. ಬೂಟು ಹಾಕ್ಕೊಂಡೇ ನಡೀರಿ. ಹಿಂದೆ ಉಳಿದದ್ದಕ್ಕೆ ಯಾರೂ ತಿರುಗಿ ಬರೋ ಹಾಗಿಲ್ಲ." ಆಮೇಲೆ ಕಡ್ಡಿಯ ಕೈಯಿಂದ ಕೊಡತಿ ಕಿತ್ತುಕೊಂಡಳು. "ನೀನು ಜನ್ಮವೆಲ್ಲ ನನ್ನ ಬೈಕೋ. ಬೈಯೋಕೆ ಇದ್ದರೆ ಸಾಕು. ಚೀಲ ಎತ್ತು."

ಕಡ್ಡಿ ಚೀಲ ಎತ್ತಿದಳು. ದಿಬ್ಬ ಹತ್ತುವಾಗ ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ದೊಡ್ಡಮ್ಮನಿಗೆ ಹಗುರವಾಗುತ್ತಿತ್ತು.

ಮಳೆ ಬರಲಿಲ್ಲ.

ಬೆಳಿಗ್ಗೆ ತಗ್ಗಿನ ಮರಳು ಸಂಜೆ ಬಿಟ್ಟು ಬಂದ ಹಾಗೆಯೇ ಒಣಗಿತ್ತು. ಹುಡುಗಿಯರ ಹೆಜ್ಜೆಗಳು ಕೂಡ ಅಳಿಸಿರಲಿಲ್ಲ. ಖಾಲಿ ಡೇರೆಗಳು ಬಿಸಿಲಿನಲ್ಲಿ ನೆಟ್ಟಗೆ ನಿಂತಿದ್ದವು, ಒಂದು ಹಗ್ಗವೂ ಸಡಿಲವಾಗದೆ. ಕಪ್ಪು ಮೋಡ ಬೇರೆ ಯಾವುದೋ ಕಣಿವೆಯ ಕಡೆ ಹೋಗಿ ಅಲ್ಲೇ ಬರಿದಾಗಿರಬೇಕು. ಪೀಪಿ ಸಾರ್ ತಗ್ಗಿಗೆ ಇಳಿದು, ಎಲ್ಲರಿಗೂ ಕಾಣುವಂತೆ ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿಯಿಂದ ಸುರಿಸಿದರು. "ಅಯ್ಯೋ, ಕೈಯೆಲ್ಲಾ ಒದ್ದೆ!" ದಿಬ್ಬದ ಮೇಲೆ ಸಾಲಾಗಿ ನಿಂತ ಮಕ್ಕಳು, ದೊಡ್ಡವರು, ಎಲ್ಲರೂ ನಕ್ಕರು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳಿಗೆ ಪ್ರಳಯದಕ್ಕ ಎಂದು ಹೆಸರು ಬಿದ್ದಿತ್ತು. ಅವಳ ದಳದ ಸಣ್ಣ ಹುಡುಗಿಯರೂ ಬಾಯಿಗೆ ಕೈ ಅಡ್ಡ ಹಿಡಿದು ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ನೀರು ಬಂದಿದ್ದರೆ ಅವಳ ಭುಜ ತಟ್ಟುತ್ತಿದ್ದರು; ಅತಿಥಿಗಳು ಭಾಷಣದಲ್ಲಿ ಅವಳ ಹೆಸರೆತ್ತುತ್ತಿದ್ದರು. ನೀರು ಬಾರದ್ದರಿಂದ ಅವಳು ನಿಯಮ ಮುರಿದವಳಾದಳು. ಅದೇ ತಗ್ಗಿನಲ್ಲಿ ಮುಂದಿನ ವರ್ಷ ಇನ್ನಾವುದೋ ಕಾಲೋನಿಯ ಮಕ್ಕಳಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಒಣ ಮರಳಿನ ಆ ಒಂದು ಹಿಡಿ ಈಗ ಪೀಪಿ ಸಾರ್ ಅವರ ಅನುಭವಕ್ಕೆ ಸೇರಿತ್ತು.

ಪಾತ್ರೆ ತೊಳೆಯುವ ಕಡೆ ಡ್ರಿಲ್ ಮೇಷ್ಟ್ರು ಅವಳ ಪಕ್ಕಕ್ಕೆ ಬಂದು ನಿಂತರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು, "ನೀವು ಮಾಡಿದ್ದೇ ಸರಿ ಕಣ್ರೀ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

"ನಿನ್ನೆ ಹೇಳಬೇಕಿತ್ತು ಮೇಷ್ಟ್ರೇ."

"ಹೇಳಿದ್ರೂ ಅವರು ಕೇಳ್ತಿದ್ರಾ?"

"ಇಲ್ಲ. ಇಬ್ಬರನ್ನೂ ನೋಡಿ ನಗ್ತಿದ್ರು. ನಾನೊಬ್ಬಳೇ ನಗಿಸಿಕೊಳ್ಳೋದು ತಪ್ತಿತ್ತು." ಅವಳು ತಟ್ಟೆಯನ್ನು ಬೂದಿಯಲ್ಲಿ ಉಜ್ಜಿದಳು. "ನಿಮ್ಮ ತಟ್ಟೆ ತೊಳೆದಾಯ್ತಲ್ಲ, ಹೋಗಿ. ಯಾರಾದ್ರೂ ನೋಡಿಯಾರು."

ಸಮಾರೋಪದ ದಿನ ಅತಿಥಿಗಳು ಬಂದರು, ಗಾಡಿಗಳು ದಿಬ್ಬದ ಅಂಚಿನಲ್ಲಿ ನಿಂತವು. ದೊಡ್ಡ ಶಾಲೆಯ ಹುಡುಗರ ತೋಳಿಗೆ ಬ್ಯಾಡ್ಜು ಹಚ್ಚುವಾಗ ಕಡ್ಡಿ ಕಡೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದಳು. ಪಕ್ಕದ ಹುಡುಗಿ ಅವಳ ಕೈ ಹಿಡಿಯಬೇಕಾಯಿತು.

ಕಾಲೋನಿಗೆ ಬಂದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು.

"ಒಳಗೆ ಬಾ ಅಂತ ನಾನು ಹೇಳಲ್ಲ ಅಕ್ಕ."

"ಬೇಡ. ಮಗಳನ್ನ ತಲುಪಿಸಿದೀನಿ, ಅಷ್ಟೇ."

"ಬಾರದ ಮಳೆಗೆ ನನ್ನ ಮಗಳ ಸೀಟು ಕೊಟ್ಟು ಬಂದೆಯಲ್ಲ. ಬಂದಿದ್ರೆ ಒಂದು ಮಾತು. ಒಂದು ಹನಿ! ಒಂದು ಹನಿ ಬಿದ್ದಿದ್ರೂ ನಾನು ನಿನ್ನ ಕಾಲಿಗೆ ಬೀಳ್ತಿದ್ದೆ."

ಅವಳಿಗೆ ಪೊದೆಯ ಕಸದ ವಿಷಯ ಹೇಳಬೇಕೆನಿಸಿತು. ಆದರೆ ಮಗಳು ಜೀವಂತವಾಗಿ ಎದುರಿಗೆ ನಿಂತಿರುವಾಗ, ಆಗದೆ ಹೋದ ಸಾವನ್ನು ತಾಯಿಗೆ ಯಾವ ಬಾಯಿಂದ ವರ್ಣಿಸುವುದು? ಕಡ್ಡಿ ಇಬ್ಬರ ನಡುವಿನಿಂದ ಚೀಲ ಹೊತ್ತು ಒಳಗೆ ಹೋದಳು. ಒಳಗಿನಿಂದ ಅವಳ ದನಿ ಬಂತು: "ಬಾಗಿಲು ಹಾಕಮ್ಮ, ಧೂಳು ಬರುತ್ತೆ."

ತಾಂತ್ರಿಕ ಶಾಲೆ ಆ ವರ್ಷದ ಮಕ್ಕಳನ್ನು ಸೇರಿಸಿಕೊಂಡು ಗೇಟು ಹಾಕಿದ ಮೇಲೆ ಕಡ್ಡಿ ಬಟ್ಟೆ ಕಾರ್ಖಾನೆಗೆ ಬಂದಳು. ದೊಡ್ಡಮ್ಮನ ಜೊತೆ ಬರಲಿಲ್ಲ. ಒಂದೇ ಓಣಿಯಿಂದ ಹೊರಟರೂ ಬೇರೆ ಬಸ್ಸು ಹಿಡಿದು, ಬೇರೆ ಸಾಲಿನಲ್ಲಿ ನಿಂತು ಬಂದಳು. ಹೊಸಬರಿಗೆ ಹೊಲಿದ ಅಂಗಿಯ ದಾರದ ತುದಿ ಕತ್ತರಿಸುವ ಕೆಲಸ. ಸೂಪರ್‌ವೈಸರ್ ಅವಳ ಕೈಗೆ ಒಂದು ಸಣ್ಣ ಕತ್ತರಿ ಕೊಟ್ಟು, ಹಾಲ್‌ನ ಕೊನೆಯ ಮೂಲೆಯಲ್ಲಿದ್ದ ಸ್ಟೂಲು ತೋರಿಸಿದ.

ಕಡ್ಡಿ ತಕ್ಷಣ ಕೂರಲಿಲ್ಲ. ಕತ್ತರಿ ಹಿಡಿದು ನಿಂತು ಮೊದಲು ನೆಲ ನೋಡಿದಳು. ಬಟ್ಟೆಯ ಚೂರು ಕಣಕಾಲಿನವರೆಗೆ ಬಿದ್ದಿತ್ತು. ಮೇಲೆ ನೋಡಿದಳು. ವಯರುಗಳು ಬರಿಮೈಯಲ್ಲಿ ಜೋತಾಡುತ್ತಿದ್ದವು. ಆಮೇಲೆ ಸ್ಟೂಲಿನ ಹಿಂದೆ ತಿರುಗಿದಳು. ಅಲ್ಲಿ ತುರ್ತು ಬಾಗಿಲಿತ್ತು. ಬಾಗಿಲಿಗೆ ಒತ್ತಿ ರಟ್ಟಿನ ಪೆಟ್ಟಿಗೆಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು. ಪೆಟ್ಟಿಗೆಗಳ ಸಂದಿಯಲ್ಲಿ ಚಿಲಕವೂ ಅದರ ಬೀಗವೂ ಕಾಣುತ್ತಿದ್ದವು.

ಕಡ್ಡಿ ತಲೆಯೆತ್ತಿ, ಮಿಷನ್ನುಗಳ ಸಾಲುಗಳ ಮೇಲಿನಿಂದ, ಶಿಬಿರದಿಂದ ಬಂದ ಮೇಲೆ ಮೊದಲ ಸಲ ದೊಡ್ಡಮ್ಮನನ್ನು ನೇರವಾಗಿ ನೋಡಿದಳು. 'ಚೀಲ ಎತ್ತು' ಎಂಬ ಮಾತಿಗೆ ಕಾಯುವವಳ ಹಾಗೆ ನೋಡಿದಳು.

"ಏನೇ, ಸಿನಿಮಾ ನೋಡ್ತಿದೀಯಾ? ಕೂತ್ಕೋ," ಸೂಪರ್‌ವೈಸರ್ ಕೂಗಿದ.

ದೊಡ್ಡಮ್ಮನ ಕಾಲು ಪೆಡಲಿನ ಮೇಲಿತ್ತು. ಅವಳು ಮುಂದಿನ ಕಾಲರನ್ನು ಎತ್ತಿಕೊಂಡು ಅಂಚು ಮಡಿಸಿ, ಸೂಜಿಯ ಕೆಳಗೆ ಇಟ್ಟಳು. ಮಿಷನ್ನು ಓಡಿತು. ಸ್ವಲ್ಪ ಹೊತ್ತಿನ ಮೇಲೆ ಹಾಲ್‌ನ ಕೊನೆಯ ಮೂಲೆಯಿಂದ ಕತ್ತರಿಯ ಸಣ್ಣ ಸದ್ದು ಶುರುವಾಯಿತು.