ನೂರ ಹನ್ನೆರಡನೆಯ ಸೆಂಟಿಮೀಟರ್

೦ ಸೆಂ.ಮೀ.

ಈ ಕಥೆಯನ್ನು ಮೇಲಿನಿಂದ ಶುರು ಮಾಡಲೋ, ತಳದಿಂದಲೋ? ಪೀಟ್ ಜೌಗಿನಲ್ಲಿ ಈ ಗೊಂದಲವಿಲ್ಲ. ಅಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ ವರ್ಷ ವರ್ಷವೂ ಒಂದರ ಮೇಲೊಂದು ಕೂರುತ್ತದೆ. ಮೇಲಿನದು ಮೊನ್ನೆಯದು, ತಳದ್ದು ಸಾವಿರಾರು ವರ್ಷ ಹಿಂದಿನದು. ಕೊಳವೆ ಇಳಿಸಿ ಆ ಕಪ್ಪು ಮಣ್ಣನ್ನು ಉದ್ದಕ್ಕೆ ಕಂಬದಂತೆ ಎತ್ತಿ ತಂದು (ಆ ಕಂಬಕ್ಕೆ ಕೋರ್ ಎನ್ನುತ್ತಾರೆ), ಅದರೊಳಗೆ ಸಿಕ್ಕಿಕೊಂಡ ಪರಾಗವನ್ನು ಎಣಿಸಿದರೆ, ಯಾವ ಕಾಲದಲ್ಲಿ ಎಷ್ಟು ಮಳೆ, ಎಷ್ಟು ಚಳಿ ಇತ್ತೆಂದು ಹೇಳಬಹುದಂತೆ.

(‘ಅಂತೆ’ ಎಂದದ್ದಕ್ಕೆ ನನ್ನ ನಾಯಕಿ ಆಗಲೇ ಮುಖ ಸಿಂಡರಿಸಿದಳು. “ಅಂತೆ ಏನು ರೀ? ಮೂವತ್ತು ವರ್ಷದಿಂದ ಅದನ್ನೇ ಹೇಳ್ತಾ ಇದೀನಿ.” ಆಯಿತು ತಾಯಿ, ಕ್ಷಮಿಸಿ.)

ಅವಳು ಪರಾಗ ಎಣಿಸುವವಳು. ವಯಸ್ಸು ಐವತ್ತೆಂಟು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅಕ್ಕ. ನಿಜವಾಗಿ ಅಕ್ಕ ಆಗಿದ್ದದ್ದು ಒಬ್ಬಳಿಗೆ. ಆ ಒಬ್ಬಳು ಈಗಿಲ್ಲ.

೩೮ ಸೆಂ.ಮೀ.

ಮೊದಲ ಕರಡು ಹೀಗೆ ಶುರುವಾಗಿತ್ತು: “ಮಂಜಿನಂಥ ತಂಪುಕೋಣೆಯಲ್ಲಿ ಅವಳ ಕಣ್ಣೀರು ಹೆಪ್ಪುಗಟ್ಟಿತು…” ಹರಿದು ಹಾಕಿದೆ.

“ಅಲ್ಲಿ ನಾಲ್ಕು ಡಿಗ್ರಿ ಇರುತ್ತೆ. ಏನೂ ಹೆಪ್ಪುಗಟ್ಟಲ್ಲ. ಮೂಗು ಸೋರುತ್ತೆ, ಅಷ್ಟೇ” ಎಂದಳು.

ನಡೆಯುವುದು ಇಷ್ಟು. ಪ್ರತಿ ಸೋಮವಾರ ಬೆಳಿಗ್ಗೆ ಅವಳು ಕೋರ್‌ಗಳನ್ನಿಟ್ಟ ತಂಪುಕೋಣೆಗೆ ಹೋಗಿ, ಮೂರನೆಯ ಅಟ್ಟಣಿಗೆಯಿಂದ ಒಂದು ಟ್ರೇ ಎಳೆದು, ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಒಂದು ಕಡೆ ಬಿಡಿಸಿ, ನೋಡಿ, ಮತ್ತೆ ಮುಚ್ಚಿಟ್ಟು ಬರುತ್ತಾಳೆ. ಮೊದಲೆಲ್ಲ ನಿಂತೇ ನೋಡುತ್ತಿದ್ದಳು. ಒಂದು ಸೋಮವಾರ ಅಲ್ಲೊಂದು ಸ್ಟೂಲ್ ಬಂದಿತ್ತು. ಇನ್ನೊಂದು ಸೋಮವಾರ ಗೋಡೆಯ ಮೊಳೆಗೆ ಒಂದು ಉಣ್ಣೆಯ ಕೋಟು. ಬಾಗಿಲ ಹತ್ತಿರ ಕೂತು ದಿನಕ್ಕೆರಡು ಸಲ ಉಷ್ಣತೆ ಬರೆದಿಡುವ ಉಸ್ತುವಾರಿಯವನು ತಲೆಯೆತ್ತಲಿಲ್ಲ. ಅವಳೂ ಕೇಳಲಿಲ್ಲ. ಕೋಟು ಹಾಕಿಕೊಂಡು ಕೂತಳು.

(ಕಥೆಗೆ ಇದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಕೇಳಲಿ. ಇದನ್ನು ಮಾತ್ರ ಯಾವ ಕರಡಿನಲ್ಲೂ ಹೊಡೆದುಹಾಕಲು ಮನಸ್ಸಾಗಲಿಲ್ಲ.)

೬೧ ಸೆಂ.ಮೀ.

ಅವಳು ನೋಡುವುದು ಒಂದು ಹೆಬ್ಬೆರಳಿನ ಗುರುತನ್ನು.

ಏಳು ವರ್ಷದ ಹಿಂದೆ ಆ ಟ್ರೇಯಲ್ಲಿರುವ ಕೋರನ್ನು ಜೌಗಿನಿಂದ ಎತ್ತಿದವಳು ಅವಳ ತಂಗಿ. ಉದ್ದ ಕಾಲಿನವಳು, ಕೆಸರಲ್ಲಿ ಬೂಟು ಸಿಕ್ಕಿಕೊಂಡಾಗಲೆಲ್ಲ ಒಂಟಿ ಕಾಲಲ್ಲಿ ನಿಂತು ನಗುತ್ತಿದ್ದಳು. ಅದಕ್ಕೇ ಕೊಕ್ಕರೆ ಎಂದು ಹೆಸರು. ಕೋರನ್ನು ಟ್ರೇಗೆ ಮಲಗಿಸುವಾಗ ನೂರ ಹನ್ನೆರಡನೆಯ ಸೆಂಟಿಮೀಟರಿನಲ್ಲಿ ಅವಳ ಹೆಬ್ಬೆರಳು ಒತ್ತಿಬಿಟ್ಟಿತು. ಸಣ್ಣ ಗುಳಿ, ಒಳಗೆ ಚರ್ಮದ ಗೆರೆಗಳು. ಮರುವರ್ಷ ಕೊಕ್ಕರೆ ಕಾಯಿಲೆ ಬಿದ್ದಳು. ನಾಲ್ಕೇ ತಿಂಗಳು.

ಆ ಜೌಗೂ ಈಗಿಲ್ಲ. ನೀರು ಬಸಿದು ಗೋದಾಮು ಕಟ್ಟಿದ್ದಾರೆ. ಇನ್ನೊಂದು ಕೋರ್ ತೆಗೆಯೋಣವೆಂದರೆ ಜಾಗವೇ ಇಲ್ಲ.

೮೮ ಸೆಂ.ಮೀ.

ಈಗ ತೊಡಕು. ಪರಾಗಕ್ಕಾಗಿ ಮಣ್ಣು ತೆಗೆಯುವ ಮೊದಲು ಕೋರಿನ ಮೇಲ್ಮೈಯನ್ನು ಬ್ಲೇಡಿನಿಂದ ತೆಳ್ಳಗೆ ಕೆರೆದು ಬಿಸಾಡಬೇಕು. ಕೈ ತಾಗಿದ್ದು, ಗಾಳಿ ತಾಗಿದ್ದು, ಈ ಕಾಲದ್ದೆಲ್ಲ ಹೋಗಬೇಕು. ಅವಳು ಮೇಲಿನ ನೂರ ಹನ್ನೊಂದು ಸೆಂಟಿಮೀಟರನ್ನೂ ಕೆರೆದಳು, ಎಣಿಸಿದಳು. ಕೆಳಗಿನವನ್ನೂ ಮುಗಿಸಿದಳು. ನಡುವಿನ ಒಂದನ್ನು ಬಿಟ್ಟಳು. ನಕ್ಷೆಯಲ್ಲಿ ಸರಿಯಾಗಿ ಅಲ್ಲೇ ಒಂದು ತೂತು.

“ಅಕ್ಕ, ಮಳೆ ಕೈಕೊಟ್ಟದ್ದು ಅಲ್ಲೇ” ಎಂದರು ಮುಖ್ಯಸ್ಥರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. “ಒಂದೇಟಿಗೆ ನಿಂತಿತೋ, ನಿಧಾನವಾಗಿ ಕಮ್ಮಿಯಾಯಿತೋ, ಆ ಒಂದು ಸೆಂಟಿಮೀಟರ್ ಹೇಳಬೇಕು.”

“ಸ್ಯಾಂಪಲ್ ಸರಿ ಇಲ್ಲ ಅಂದಿದ್ದೆನಲ್ಲ.”

“ಮೂರು ವರ್ಷದಿಂದ ಅಂತಿದೀರ.” ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಕೇಳದೆ ಇದ್ದರು. ಈಗಲೂ ಮೇಜಿನ ಮೇಲಿನ ಪೆನ್ನಿಗೆ ಹೇಳುವವರಂತೆ ಹೇಳಿದರು: “ಅಂಚು ಒಣಗ್ತಾ ಇದೆ ಅಕ್ಕ. ನಾನೂ ಹೋಗಿ ನೋಡಿದೆ. ಬಿರುಕು ಬಿಟ್ಟು ಪುಡಿಯಾದರೆ ಮೇಲಿನದ್ಯಾವುದು, ಕೆಳಗಿನದ್ಯಾವುದು ಅಂತ ತಿಳಿಯಲ್ಲ. ಆಮೇಲೆ… ಆ ಗುರುತೂ ಉಳಿಯಲ್ಲ.”

೧೦೪ ಸೆಂ.ಮೀ.

ಓದುಗರೇ, ನನ್ನ ಹತ್ತಿರ ಮೂರು ಮುಕ್ತಾಯಗಳಿದ್ದವು.

ಒಂದು: ಹಿಂಬದಿಯಿಂದ ಮಣ್ಣು ತೆಗೆಯುವುದು. “ಹಿಂದಿನ ಅರ್ಧ ಕಾಲನಿರ್ಣಯಕ್ಕೆ ಕಳಿಸಿ ಆಯ್ತು. ಉಳಿದಿರೋದು ಬೆರಳಗಲದ ಪಟ್ಟಿ” ಎಂದಳು. ಹೊಡೆದುಹಾಕಿದೆ.

ಎರಡು: ಫೋಟೋ ತೆಗೆದಿಟ್ಟುಕೊಳ್ಳುವುದು. “ಫೋನ್‌ನಲ್ಲಿ ನಲವತ್ತಿದಾವೆ. ಫೋಟೋದಲ್ಲಿ ಅದೊಂದು ಕಲೆ ಥರ ಕಾಣುತ್ತೆ ರೀ. ಬೆರಳು ಅನ್ಸಲ್ಲ.” ಅದೂ ಹೋಯಿತು.

ಮೂರನೆಯದನ್ನು ಹೇಳಲು ನಾಚಿಕೆ. ಬರೆಯುವವರಿಗೆ ಇರುವ ಒಂದೇ ಅಧಿಕಾರ ಅದು. “ತಂಗಿಯನ್ನು ಬದುಕಿಸಿಬಿಡಲೇ?” ಎಂದೆ. “ಒಂದು ಸಾಲಿನ ಕೆಲಸ.”

“ಬದುಕಿ ಬಂದ್ರೆ ಮೊದಲು ಕೇಳೋದೇ ‘ನೂರ ಹನ್ನೆರಡು ಎಣಿಸಿದ್ಯಾ?’ ಅಂತ. ಏನು ಹೇಳ್ಲಿ?” ಎಂದಳು.

ಮೂರನೆಯದನ್ನೂ ಹೊಡೆದುಹಾಕಿದೆ.

೧೧೧ ಸೆಂ.ಮೀ.

ಸೋಮವಾರ. ಅವಳು ಕೋಟು ಹಾಕಿಕೊಂಡು ಟ್ರೇ ಎಳೆದಳು. ಈ ಸಲ ಮುಚ್ಚಿಡಲಿಲ್ಲ. ಅದರ ಜೊತೆಗಿದ್ದ, ಜೌಗಿನಲ್ಲೇ ಬರೆದ ಟಿಪ್ಪಣಿ ಪುಸ್ತಕ ತೆರೆದಳು. ಕೊಕ್ಕರೆಯ ಓರೆ ಅಕ್ಷರ: “೧೧೨: ಬರಿಗೈ ತಾಗಿದೆ. ಅಕ್ಕ ಬೈದಳು.”

ಬೈದದ್ದು ಹೌದು. “ಇಷ್ಟು ವರ್ಷ ಕೆಲಸ ಮಾಡಿ ಬರಿಗೈಯಲ್ಲಿ ಮುಟ್ತೀಯಲ್ಲೇ, ಬುದ್ಧಿ ಇದೆಯಾ?” ಎಂದು ಆ ಕೊರೆಯುವ ಗಾಳಿಯಲ್ಲಿ ಕೂಗಿದ್ದಳು.

“ಕೂಗಬೇಡ ಮಾರಾಯ್ತಿ, ಗವಸು ಯಾರ ಕೈಯಲ್ಲಿದೆ ನೋಡ್ಕೋ” ಎಂದಿದ್ದಳು ತಂಗಿ.

ನೋಡಿಕೊಂಡಿದ್ದಳು. ಅಂದು ಬೆಳಿಗ್ಗೆ ಚಳಿಗೆ ಪೆನ್ಸಿಲ್ ಹಿಡಿಯಲಾಗದೆ ಇವಳ ಬೆರಳು ಸೆಟೆದಾಗ, ತಂಗಿ ತನ್ನ ಉಣ್ಣೆಯ ಗವಸು ಬಿಚ್ಚಿ ಒಂದೊಂದೇ ಬೆರಳಿಗೆ ತೊಡಿಸಿದ್ದಳು. ಆ ಗವಸುಗಳನ್ನು ಇವಳು ವಾಪಸು ಕೊಡಲೇ ಇಲ್ಲ. ಈಗಲೂ ಕೈಚೀಲದಲ್ಲಿವೆ.

ಉಸ್ತುವಾರಿಯವನು ಒಳಬಂದು ದೀಪವನ್ನು ಟ್ರೇಯ ಹತ್ತಿರಕ್ಕೆ ಎಳೆದು ನಿಲ್ಲಿಸಿದ. “ಬಾಗಿಲು ಹಾಕ್ಕೊಂಡಿರ್ತೀನಿ ಅಕ್ಕ. ಯಾರನ್ನೂ ಬಿಡಲ್ಲ” ಎಂದು ಹೋದ.

ಬ್ಲೇಡನ್ನು ಅಡ್ಡಕ್ಕೆ ಎಳೆಯಬೇಕು. ಉದ್ದಕ್ಕೆ ಎಳೆದರೆ ಒಂದು ಕಾಲ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ. ಇದನ್ನು ತಂಗಿಗೆ ಕಲಿಸಿದವಳು ಇವಳೇ. ಎಡದಿಂದ ಬಲಕ್ಕೆ, ಒಂದೇ ಸಲ.

೧೧೩ ಸೆಂ.ಮೀ.

ನಡುವಿನ ೧೧೨ ಎಲ್ಲಿ ಎಂದು ಕೇಳಬೇಡಿ. ತೀರ ಒಣಗಿದ ವರ್ಷಗಳಲ್ಲಿ ಜೌಗು ಬೆಳೆಯುವುದಿಲ್ಲವಂತೆ. ಆ ವರ್ಷಗಳು ಕೋರಿನಲ್ಲಿ ಇರುವುದೇ ಇಲ್ಲವಂತೆ. (ಎರಡು ಸಲ ‘ಅಂತೆ’ ಎಂದೆ. ಅವಳು ತಿದ್ದಲಿಲ್ಲ.)

ಅವಳು ಕೆಲಸ ಮುಗಿಸಿದಾಗ ನಾನು ಒಳಗೆ ಹೋಗಿ ಕಸದ ಬುಟ್ಟಿ ನೋಡಿದೆ. ಕೆರೆದದ್ದನ್ನು ಅಲ್ಲಿ ಹಾಕಬೇಕೆಂಬುದು ನಿಯಮ. ಬುಟ್ಟಿ ಖಾಲಿ.

“ಕೆರೆದ ಮಣ್ಣು ಎಲ್ಲಿ?” ಎಂದೆ.

“ನಿಮ್ಮ ಕಥೆ ಮುಗೀತಲ್ಲ, ಮನೆಗೆ ಹೋಗಿ.” ಮೊಳೆಗೆ ಕೋಟು ತಗುಲಿಹಾಕಿ, ಕೈಚೀಲದಿಂದ ಗವಸು ತೆಗೆದಳು. ಒಂದನ್ನು ಮಾತ್ರ ತೊಟ್ಟಳು. ಇನ್ನೊಂದು ಆಗಲೇ ಸ್ವಲ್ಪ ಉಬ್ಬಿತ್ತು. ಅದರ ಬಾಯನ್ನು ಎರಡು ಸಲ ಮಡಚಿ, ಮತ್ತೆ ಚೀಲದೊಳಗೆ ಇಟ್ಟಳು.

ಮುಗಿಯಿತೆಂದು ನನಗೇನೂ ಅನಿಸಿಲ್ಲ. ಮಳೆ ಒಂದೇಟಿಗೆ ನಿಂತಿತೋ, ನಿಧಾನವಾಗಿಯೋ? ಮುಖ್ಯಸ್ಥರು ಬಾಗಿಲವರೆಗೆ ಎರಡು ಸಲ ಬಂದು, ಕೇಳದೆ ಹಿಂದಿರುಗಿದ್ದಾರೆ. ನೀವು ನನ್ನನ್ನು ಕೇಳುತ್ತೀರಿ. ನೂರ ಹನ್ನೆರಡರ ಮಣ್ಣನ್ನು ಸೋಸಿ, ಅವಳು ಈಗ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಾಳೆ. ನೂರ ಎಂಬತ್ತೇಳನೆಯ ಪರಾಗಕ್ಕೆ ಬಂದವಳು, ಒಮ್ಮೆ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ್ದಾಳೆ.

ಸ್ವಲ್ಪ ಸುಮ್ಮನಿರಿ. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ.